ವೈದ್ಯಾಧಿಕಾರಿಯ ಮುಂದಾಳುತನ: ಕಲಾದಗಿಯಿಂದ ಕುಳಗೇರಿ ಕ್ರಾಸ್‌ವರೆಗೆ

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯು ನರಗುಂದದ ಸೀಮೆಯನ್ನು ಬಿಟ್ಟು, ಮಲಪ್ರಭಾ ನದಿಯನ್ನು ದಾಟಿ, ಬಾದಾಮಿ ತಾಲೂಕಿಗೆ ಕಾಲಿಟ್ಟ ಮೇಲೆ ಸಿಗುವ ಕುಳಗೇರಿ ಕ್ರಾಸ್, ಬಾದಾಮಿಗೆ ದಾರಿ ಒಡೆಯುವ ಕೂಡುರಸ್ತೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಈ ಸೀಮೆಯಲ್ಲಿ ಸರಕಾರಿ ದವಾಖಾನೆಗೆ ನೇಮಕಗೊಂಡು ಬರುವ ವೈದ್ಯರು ರೋಗಿಗಳನ್ನು ನೋಡುವುದರ ಜೊತೆಗೇ, ಅಧಿಕಾರ ವಹಿಸಿಕೊಂಡ ದಿನದಿಂದಲೇ, ಒಂದು ಕಚೇರಿಯ ಮುಖ್ಯಸ್ಥರೂ ಆಗುತ್ತಾರೆ. ಸರಕಾರದ ಮಾನದಂಡದ ಪ್ರಕಾರ ಬಯಲು ಪ್ರದೇಶದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನರ, ಅದರ ಅಡಿಯಲ್ಲಿರುವ ಪ್ರತಿ ಉಪಕೇಂದ್ರಕ್ಕೆ 5,000 ಜನರ ಹೊಣೆ ಇರುವುದರಿಂದ, ಎಂ.ಬಿ.ಬಿ.ಎಸ್. ಮುಗಿಸಿ ಹೆಚ್ಚು ಕಾಲವಾಗಿರದ ವೈದ್ಯರೂ ಒಂದು ಸಣ್ಣ ಪಟ್ಟಣದಷ್ಟು ಜನರ ಆರೋಗ್ಯಕ್ಕೆ ಉತ್ತರ ಹೇಳಬೇಕಾಗುತ್ತದೆ. ಶರೀರಶಾಸ್ತ್ರವನ್ನೂ ಔಷಧಶಾಸ್ತ್ರವನ್ನೂ ವರ್ಷಗಟ್ಟಲೆ ಕಲಿತ ಈ ವೈದ್ಯರಿಗೆ ಜನರನ್ನು, ಹಣವನ್ನು, ಮಾಹಿತಿಯನ್ನು ನಡೆಸುವ ವಿದ್ಯೆಯನ್ನು ಯಾರು, ಯಾವಾಗ, ಎಷ್ಟರ ಮಟ್ಟಿಗೆ ಕಲಿಸಿದರು ಮತ್ತು ಆ ಕಲಿಕೆಯಿಂದ ಅವರ ವೃತ್ತಿಜೀವನ ಯಾವ ತಿರುವು ಪಡೆಯಿತು ಎಂಬುದು ಸುಮಾರು ಒಂದೂವರೆ ಶತಮಾನದ ಇತಿಹಾಸವುಳ್ಳ ಪ್ರಶ್ನೆ.

ನಾಯಕತ್ವ ತರಬೇತಿ ಎಂಬುದನ್ನು ಇಲ್ಲಿ ವೇದಿಕೆಯ ಮಾತುಗಾರಿಕೆ ಎಂಬ ಅರ್ಥದಲ್ಲಿ ತೆಗೆದುಕೊಳ್ಳಬಾರದು. ಸಿಬ್ಬಂದಿಯನ್ನು ಒಂದು ತಂಡವಾಗಿ ಕಟ್ಟುವುದು, ಬಂದ ಹಣಕ್ಕೂ ಔಷಧಿಗೂ ಲೆಕ್ಕ ಇಡುವುದು, ಅಂಕಿಅಂಶಗಳನ್ನು ಓದಿ ಮುಂದಿನ ಕೆಲಸವನ್ನು ಯೋಜಿಸುವುದು, ಊರಿನ ಹಿರಿಯರನ್ನೂ ಚುನಾಯಿತ ಪ್ರತಿನಿಧಿಗಳನ್ನೂ ಒಪ್ಪಿಸುವುದು, ಸಂಕಟದ ಹೊತ್ತಿನಲ್ಲಿ ತಡಮಾಡದೆ ನಿರ್ಧಾರ ಕೈಗೊಳ್ಳುವುದು ಇವೆಲ್ಲ ಸೇರಿದ ಕೌಶಲಕ್ಕೆ ಆ ಹೆಸರು. ಹೆಸರು ಇತ್ತೀಚಿನದಾದರೂ ಕೆಲಸ ಹಳೆಯದು. ಈ ಸೀಮೆಯ ಇತಿಹಾಸವನ್ನು ನೋಡಿದರೆ ವೈದ್ಯರ ಮೇಲೆ ಮುಂದಾಳುತನದ ಹೊರೆ ಮೊದಲು ಬಿದ್ದು, ಅದನ್ನು ಹೊರುವ ಶಿಕ್ಷಣ ಬಹಳ ತಡವಾಗಿ ಬಂದದ್ದೂ, ಬಂದ ಶಿಕ್ಷಣವು ಹುದ್ದೆ, ಅಧಿಕಾರ ಮತ್ತು ಬಡ್ತಿಯ ದಾರಿಗಳೊಂದಿಗೆ ಕೂಡಿಕೊಂಡಾಗ ಮಾತ್ರ ಫಲ ಕೊಟ್ಟದ್ದೂ ಕಂಡುಬರುತ್ತದೆ.

ಕಲಾದಗಿಯ ಕಾಲ: ಆಳುವ ವೈದ್ಯ, ಅಡಿಯಾಳಾದ ವೈದ್ಯ

ಇಂದಿನ ಬಾಗಲಕೋಟೆ ಜಿಲ್ಲೆಯ ಬಹುಭಾಗ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿತ್ತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಹೋದ ಮೇಲೆ ಜಿಲ್ಲೆಗೂ ವಿಜಯಪುರದ ಹೆಸರೇ ನಿಂತಿತು. ಆ ವ್ಯವಸ್ಥೆಯಲ್ಲಿ ಜಿಲ್ಲೆಯ ವೈದ್ಯಕೀಯ ಮುಖ್ಯಸ್ಥನನ್ನು ಸಿವಿಲ್ ಸರ್ಜನ್ ಎಂದು ಕರೆಯುತ್ತಿದ್ದರು. ಈ ಹುದ್ದೆಯನ್ನು ಸಾಮಾನ್ಯವಾಗಿ ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬ, ಮೂಲತಃ ಸೈನ್ಯಕ್ಕಾಗಿ ಹುಟ್ಟಿದ ಸೇವೆಯ ಅಧಿಕಾರಿಗಳು ತುಂಬುತ್ತಿದ್ದರು. 1855ರಿಂದ ಈ ಸೇವೆಗೆ ಸ್ಪರ್ಧಾತ್ಮಕ ಪರೀಕ್ಷೆ ಬಂದಿತಾದರೂ ಪರೀಕ್ಷೆ ಲಂಡನ್ನಿನಲ್ಲಿ ನಡೆಯುತ್ತಿದ್ದುದರಿಂದ, ಬಂಗಾಳದ ಸೂರ್ಯಕುಮಾರ ಚಕ್ರವರ್ತಿಯವರಂತಹ ಕೆಲವರನ್ನು ಬಿಟ್ಟರೆ ಭಾರತೀಯರಿಗೆ ಅದರ ಬಾಗಿಲು ಬಹುಕಾಲ ಮುಚ್ಚಿದಂತೆಯೇ ಇತ್ತು. ಆಯ್ಕೆಯಾದವರು ಇಂಗ್ಲೆಂಡಿನ ನೆಟ್ಲಿಯಲ್ಲಿದ್ದ ಸೈನಿಕ ವೈದ್ಯ ಶಾಲೆಯಲ್ಲಿ ಕೆಲವು ತಿಂಗಳು ನೈರ್ಮಲ್ಯಶಾಸ್ತ್ರ, ಸೈನಿಕ ಶಸ್ತ್ರಚಿಕಿತ್ಸೆ, ಉಷ್ಣವಲಯದ ರೋಗಗಳು ಮತ್ತು ಶಿಬಿರ ವ್ಯವಸ್ಥೆಯನ್ನು ಕಲಿತು ಹಡಗು ಹತ್ತುತ್ತಿದ್ದರು. ವೈದ್ಯನಿಗೆ ಆಡಳಿತದ ಪಾಠ ಸೇರಿಸಿ ಕಲಿಸಿದ ಆರಂಭದ ಮಾದರಿಗಳಲ್ಲಿ ಇದೊಂದು ಎನ್ನಬಹುದು. ಆದರೆ ಆ ಪಾಠದ ಗುರಿ ಆಜ್ಞಾಪಿಸುವ ಅಧಿಕಾರಿಯನ್ನು ರೂಪಿಸುವುದೇ ಹೊರತು ಊರಿನೊಡನೆ ಕೂತು ಮಾತಾಡುವ ವೈದ್ಯನನ್ನಲ್ಲ.

ತಾಲೂಕಿನ ದವಾಖಾನೆಗಳಲ್ಲಿ ದಿನವಿಡೀ ದುಡಿಯುತ್ತಿದ್ದವರು ಹಾಸ್ಪಿಟಲ್ ಅಸಿಸ್ಟೆಂಟ್ ಎಂಬ ಕೆಳದರ್ಜೆಯ ವೈದ್ಯರು. 1861ರಲ್ಲಿ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ತೆರೆದ ಮರಾಠಿ ಮತ್ತು ಗುಜರಾತಿ ಮಾಧ್ಯಮದ ತರಗತಿಗಳಲ್ಲೂ, ಆ ಬಳಿಕ ಪುಣೆ ಮತ್ತು ಅಹಮದಾಬಾದಿನ ವೈದ್ಯ ಶಾಲೆಗಳಲ್ಲೂ ಕಲಿತ ಇವರಿಗೆ ಗಾಯ ಕಟ್ಟುವುದು, ಔಷಧಿ ಕೂಡಿಸುವುದು, ಜ್ವರ–ಭೇದಿಗೆ ಚಿಕಿತ್ಸೆ ಕೊಡುವುದು ಚೆನ್ನಾಗಿ ಬರುತ್ತಿತ್ತು. ಆದರೆ ವಿಷಯ ದವಾಖಾನೆಯ ಹೊಸ್ತಿಲು ದಾಟಿತೆಂದರೆ ಮಾಮಲೇದಾರನಿಗೋ ಸಿವಿಲ್ ಸರ್ಜನ್‌ಗೋ ಬರೆದು ಕಾಯುವುದೇ ಅವರ ಪಾಲಿನ ಕರ್ತವ್ಯವಾಗಿತ್ತು. 1910ರಲ್ಲಿ ಅವರ ಹುದ್ದೆಗೆ ಸಬ್ ಅಸಿಸ್ಟೆಂಟ್ ಸರ್ಜನ್ ಎಂಬ ಹೊಸ ಹೆಸರು ಬಂದರೂ ಹೆಸರಿನ ಜೊತೆಗೆ ಅಧಿಕಾರ ಬರಲಿಲ್ಲ. ಮೇಲಿನ ಸೇವೆ, ಕೆಳಗಿನ ಸೇವೆ ಎಂಬ ಈ ಎರಡು ಮಜಲಿನ ನಡುವೆ ಏರುವ ಮೆಟ್ಟಿಲು ಇಲ್ಲದಿದ್ದುದರಿಂದ, ಎಷ್ಟೇ ಸಮರ್ಥನಾದ ತಾಲೂಕು ವೈದ್ಯನ ವೃತ್ತಿಜೀವನವೂ ಹೆಚ್ಚಿನಂಶ ಸೇರಿದ ಮಜಲಿನಲ್ಲೇ ಮುಗಿಯುತ್ತಿತ್ತು.

ಈ ವ್ಯವಸ್ಥೆಯ ಸತ್ವಪರೀಕ್ಷೆ 1876–78ರ ಮಹಾಕ್ಷಾಮದಲ್ಲಿ ನಡೆಯಿತು. 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಮೇಲಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ 6.4 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತಿದ್ದರು ಅಥವಾ ಊರು ಬಿಟ್ಟಿದ್ದರು. ಹಸಿವಿನ ಬೆನ್ನಿಗೇ ಬಂದ ಕಾಲರಾ ಮತ್ತು ಜ್ವರಗಳು ಪರಿಹಾರ ಕಾಮಗಾರಿಯ ಶಿಬಿರಗಳಲ್ಲಿ ಹಬ್ಬಿದಾಗ ಬೇಕಾದದ್ದು ಕುಡಿಯುವ ನೀರಿನ ಕಾವಲು, ಗಂಜಿಯ ಅಳತೆ, ಕಾಯಿಲೆಯವರನ್ನು ಬೇರೆಯಾಗಿಸುವ ಏರ್ಪಾಡು. ಇವೆಲ್ಲ ಔಷಧಿಯ ಪೆಟ್ಟಿಗೆಯಿಂದ ಆಗುವ ಕೆಲಸಗಳಲ್ಲ. ಕ್ಷಾಮದ ತರುವಾಯ ಸರಕಾರ ರಚಿಸಿದ ಕ್ಷಾಮ ಸಂಹಿತೆಗಳಲ್ಲಿ, ಅಂದರೆ ಬರಗಾಲದಲ್ಲಿ ಯಾವ ಅಧಿಕಾರಿ ಏನು ಮಾಡಬೇಕೆಂಬ ಲಿಖಿತ ನಿಯಮಾವಳಿಗಳಲ್ಲಿ, ವೈದ್ಯಾಧಿಕಾರಿಯ ಕರ್ತವ್ಯಗಳೂ ಸೇರಿಕೊಂಡವು. ನಿಯಮ ಬರೆಯಲಾಯಿತು, ಆ ನಿಯಮವನ್ನು ನಡೆಸುವವನಿಗೆ ಕಲಿಸುವ ಶಾಲೆ ಮಾತ್ರ ಕಟ್ಟಲಿಲ್ಲ.

ಪ್ಲೇಗು ಕಲಿಸಿದ ಪಾಠ

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹಳಿಗಳ ಗುಂಟ ದಕ್ಷಿಣಕ್ಕಿಳಿದು 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಗದಗಗಳನ್ನು ಮುತ್ತಿತು. ಪುಣೆಯಲ್ಲಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿದ ಕ್ರಮದಿಂದ ಜನ ರೊಚ್ಚಿಗೆದ್ದು, 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆಯಲ್ಲಿ ಅದು ಕೊನೆಗೊಂಡಿತ್ತು. ಹುಬ್ಬಳ್ಳಿಯಲ್ಲಿ ಬೇರೊಂದು ದಾರಿ ತುಳಿಯಲಾಯಿತು. ಮುಂಬಯಿಯಲ್ಲಿ ವಾಲ್ಡೆಮರ್ ಹಾಫ್ಕಿನ್ ಸಿದ್ಧಪಡಿಸಿ 1897ರ ಜನವರಿಯಲ್ಲಿ ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡಿದ್ದ ಲಸಿಕೆಯನ್ನು, ಸೈನಿಕ ವೈದ್ಯ ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಊರಿನ ಹತ್ತಾರು ಸಾವಿರ ಜನರಿಗೆ ಹಾಕಲಾಯಿತು. ಹೊಸ ಲಸಿಕೆಯ ಬಗ್ಗೆ ಎಲ್ಲೆಡೆ ಗುಮಾನಿ ತುಂಬಿದ್ದ ಆ ದಿನಗಳಲ್ಲಿ ಓಣಿ ಓಣಿಯ ಹಿರಿಯರ, ವರ್ತಕರ, ಮಠಗಳ ಮತ್ತು ರೈಲ್ವೆ ಕಾರ್ಖಾನೆಯ ನೌಕರರ ವಿಶ್ವಾಸ ಗಳಿಸದೆ ಅಷ್ಟು ದೊಡ್ಡ ಕೆಲಸ ನಡೆಯುವಂತಿರಲಿಲ್ಲ. ವೈದ್ಯನ ಕೈಯ ಸೂಜಿಗಿಂತ ಆತನ ಮಾತಿನ ಮೇಲಿನ ನಂಬಿಕೆ ದೊಡ್ಡದೆಂಬುದನ್ನು ಪುಣೆ ಮತ್ತು ಹುಬ್ಬಳ್ಳಿಗಳು ಎದುರುಬದುರಾಗಿ ನಿಂತು ತೋರಿಸಿಕೊಟ್ಟವು.

ಅದೇ 1898ರಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಮೈಸೂರು ಸರಕಾರದ ವೈದ್ಯರಾಗಿದ್ದ ಡಾ. ಪದ್ಮನಾಭನ್ ಪಲ್ಪು ಅವರ ವೃತ್ತಿಜೀವನ, ತರಬೇತಿಯು ವೈದ್ಯನೊಬ್ಬನನ್ನು ಎಲ್ಲಿಯವರೆಗೆ ಒಯ್ಯಬಲ್ಲದೆಂಬುದಕ್ಕೆ ಕರ್ನಾಟಕದ ಆರಂಭದ ನಿದರ್ಶನಗಳಲ್ಲೊಂದು. ಮದರಾಸಿನಲ್ಲಿ ವೈದ್ಯಕೀಯ ಓದಿದ್ದರೂ ಈಳವ ಜಾತಿಯವರೆಂಬ ಕಾರಣಕ್ಕೆ ತವರಾದ ತಿರುವಾಂಕೂರಿನ ಸರಕಾರಿ ಸೇವೆ ಅವರಿಗೆ ದೊರೆಯಲಿಲ್ಲ. ಮೈಸೂರು ಸಂಸ್ಥಾನ ಅವರನ್ನು ಸೇವೆಗೆ ಸೇರಿಸಿಕೊಂಡಿತು, ಸಿಡುಬಿನ ಲಸಿಕೆ ತಯಾರಿಕೆಯ ಹೊಣೆ ಕೊಟ್ಟಿತು, ಪ್ಲೇಗಿನ ಕೆಲಸದಲ್ಲಿ ತೊಡಗಿಸಿತು ಮತ್ತು ಸಾರ್ವಜನಿಕ ಆರೋಗ್ಯದ ಉನ್ನತ ತರಬೇತಿಗಾಗಿ ಇಂಗ್ಲೆಂಡಿಗೆ ಕಳಿಸಿತು. ಮರಳಿ ಬಂದ ಪಲ್ಪು ಬೆಂಗಳೂರಿನ ಆರೋಗ್ಯಾಧಿಕಾರಿಯಾದರು. ಕೇರಳದಲ್ಲಿ 1903ರಲ್ಲಿ ಸ್ಥಾಪನೆಯಾದ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸಂಘಟನೆಯ ಮೂಲಪುರುಷರಲ್ಲಿ ಒಬ್ಬರಾದರು. ಇಲ್ಲಿ ಗಮನಿಸಬೇಕಾದದ್ದು ತರಬೇತಿಯ ಹಿಂದು–ಮುಂದು: ಕಳಿಸುವ ಮುನ್ನ ಅನುಭವವಿತ್ತು, ಬಂದ ಮೇಲೆ ಕಲಿತದ್ದಕ್ಕೆ ತಕ್ಕ ಹುದ್ದೆ ಕಾದಿತ್ತು.

ಮಂಡ್ಯದ ಘಟಕ, ಹುಬ್ಬಳ್ಳಿಯ ಸೇವಾದಳ

ಬ್ರಿಟನ್ನಿನಲ್ಲಿ 1888ರ ಕಾನೂನು ದೊಡ್ಡ ಜಿಲ್ಲೆಗಳ ಆರೋಗ್ಯಾಧಿಕಾರಿಗೆ ಸಾರ್ವಜನಿಕ ಆರೋಗ್ಯದಲ್ಲಿ ವಿಶೇಷ ಅರ್ಹತೆ ಇರಬೇಕೆಂದು ಕಡ್ಡಾಯ ಮಾಡಿತ್ತು. ಡಿ.ಪಿ.ಎಚ್. ಎಂಬ ಆ ಡಿಪ್ಲೊಮಾ ಪದವಿಯಲ್ಲಿ ಸಾಂಕ್ರಾಮಿಕ ರೋಗಗಳ ಜೊತೆಗೆ ನೀರು, ಚರಂಡಿ, ಕಾನೂನು, ಅಂಕಿಅಂಶ ಮತ್ತು ಕಚೇರಿ ನಡೆಸುವ ಬಗೆಯೂ ಪಾಠವಾಗಿದ್ದುದರಿಂದ, ಅದು ವೈದ್ಯರ ಪಾಲಿಗೆ ಆಡಳಿತದ ದೀಕ್ಷೆಯಂತಿತ್ತು. ಭಾರತದಲ್ಲಿ ಇಂಥ ಶಿಕ್ಷಣಕ್ಕಾಗಿಯೇ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1932ರಲ್ಲಿ ಕಲಕತ್ತೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದಕ್ಕೂ ಮುಂಚೆ ಅದೇ ಪ್ರತಿಷ್ಠಾನದ ಸಹಕಾರದಲ್ಲಿ ಮೈಸೂರು ಸಂಸ್ಥಾನ 1929ರಲ್ಲಿ ತನ್ನ ಆರೋಗ್ಯ ಇಲಾಖೆಯನ್ನು ಹೊಸದಾಗಿ ಕಟ್ಟಿ, ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ತೆರೆಯಿತು. ಒಂದು ಗೊತ್ತಾದ ಪ್ರದೇಶದ ಜನನ–ಮರಣ ದಾಖಲೆ, ಮಲೇರಿಯಾ ಹತೋಟಿ, ಬಾಣಂತಿ ಮತ್ತು ಶಿಶುಗಳ ಆರೈಕೆ, ಶಾಲಾ ಮಕ್ಕಳ ತಪಾಸಣೆ, ಶೌಚಾಲಯ ನಿರ್ಮಾಣ ಇವೆಲ್ಲವನ್ನೂ ಒಬ್ಬ ವೈದ್ಯಾಧಿಕಾರಿಯ ಕೈಕೆಳಗಿನ ತಂಡ ಒಟ್ಟಾಗಿ ನೋಡಿಕೊಳ್ಳುವುದೇ ಆರೋಗ್ಯ ಘಟಕದ ಅರ್ಥ. ಕೆಲಸ ನಡೆಯುವ ಜಾಗವೇ ಕಲಿಯುವ ಜಾಗವೂ ಆಗಿದ್ದುದು ಆ ಪ್ರಯೋಗದ ಹೆಚ್ಚುಗಾರಿಕೆ. ಭಾರತದ ಹಲವೆಡೆಯ ವೈದ್ಯರನ್ನು ಪ್ರತಿಷ್ಠಾನದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಂತಹ ವಿಶ್ವವಿದ್ಯಾಲಯಗಳಿಗೆ ಕಳಿಸಿ, ಮರಳಿ ಬಂದವರಿಗೆ ಇಂಥ ಕಾರ್ಯಗಳ ಹೊಣೆ ವಹಿಸುವ ಪದ್ಧತಿಯೂ ಬೆಳೆಯಿತು.

ಮುಂಬಯಿ ಪ್ರಾಂತದಲ್ಲಿದ್ದ ವಿಜಯಪುರ ಜಿಲ್ಲೆಗೆ ಈ ಬಗೆಯ ಭಾಗ್ಯ ಒದಗಲಿಲ್ಲ. 1919ರ ಸುಧಾರಣೆಗಳಿಂದ ಆರೋಗ್ಯವು ಪ್ರಾಂತದ ಮಂತ್ರಿಗಳ ಕೈಗೆ ಬಂದು, ಹಳ್ಳಿಗಾಡಿನ ದವಾಖಾನೆಗಳ ಭಾರ ಲೋಕಲ್ ಬೋರ್ಡುಗಳ ಹೆಗಲೇರಿತಾದರೂ, ಬೋರ್ಡಿನ ವೈದ್ಯನಿಗೆ ಸಂಬಳವೂ ಕಡಿಮೆ, ಅಧಿಕಾರವೂ ಕಡಿಮೆ, ಮುಂದಿನ ದಾರಿಯೂ ಮಸುಕು. ಸಂಘಟನೆಯ ಶಕ್ತಿಯುಳ್ಳ ವೈದ್ಯರು ಆ ಕಾರಣಕ್ಕೆ ಸರಕಾರದ ಹೊರಗೆ ತಮ್ಮ ಕ್ಷೇತ್ರ ಕಂಡುಕೊಂಡರು. ಹುಬ್ಬಳ್ಳಿಯನ್ನು ಕರ್ಮಭೂಮಿಯಾಗಿಸಿಕೊಂಡ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ಬದುಕು ಇದಕ್ಕೆ ಸಾಕ್ಷಿ. ಕಲಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣ ಪಡೆದು, ಅಲ್ಲಿ ಲಾಲಾ ಲಜಪತ ರಾಯರ ಜೊತೆ ಸ್ವರಾಜ್ಯದ ಪ್ರಚಾರಕ್ಕೆ ದುಡಿದು ಮರಳಿದ ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಶಿಬಿರ, ಕವಾಯತು, ಪ್ರಥಮ ಚಿಕಿತ್ಸೆ, ನೈರ್ಮಲ್ಯ, ಜನಸಂದಣಿಯ ನಿಯಂತ್ರಣ, ಸರದಿಯ ಮೇಲೆ ನಾಯಕತ್ವ ವಹಿಸುವ ಶಿಸ್ತು ಇವು ಸೇವಾದಳದ ಪಾಠಗಳಾಗಿದ್ದವು. ಸಾವಿರಾರು ತರುಣ–ತರುಣಿಯರಿಗೆ ಮುಂದಾಳುತನ ಕಲಿಸಿದ ಆ ಸಂಸ್ಥೆಯ ಹಿಂದೆ ಒಬ್ಬ ವೈದ್ಯನ ಮನಸ್ಸಿತ್ತು. ಆದರೆ ಆ ಮನಸ್ಸಿಗೆ ಸರಕಾರಿ ವೈದ್ಯಸೇವೆಯಲ್ಲಿ ಜಾಗವಿರಲಿಲ್ಲ ಎಂಬುದೂ ಅಷ್ಟೇ ನಿಜ.

ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಾರುಹುಣ್ಣಿನ ಬಾವಿ

1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಕೊಟ್ಟ ಸರ್ ಜೋಸೆಫ್ ಭೋರ್ ಸಮಿತಿಯು, ಚಿಕಿತ್ಸೆ ಮತ್ತು ರೋಗತಡೆ ಎರಡನ್ನೂ ಒಂದೇ ಕೇಂದ್ರದಿಂದ ನೀಡಬೇಕೆಂದೂ, ಆರಂಭದಲ್ಲಿ 40,000 ಜನರಿಗೊಂದರಂತೆ ಪ್ರಾಥಮಿಕ ಕೇಂದ್ರಗಳನ್ನು ಸ್ಥಾಪಿಸಬೇಕೆಂದೂ, ಅವುಗಳನ್ನು ನಡೆಸಲು ಸಾಮಾಜಿಕ ವೈದ್ಯರನ್ನು, ಅಂದರೆ ರೋಗಿಯ ನಾಡಿಯ ಜೊತೆಗೆ ಸಮಾಜದ ಸ್ಥಿತಿಯನ್ನೂ ಓದಬಲ್ಲ ವೈದ್ಯರನ್ನು, ತಯಾರು ಮಾಡಬೇಕೆಂದೂ ಸೂಚಿಸಿತು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯಡಿ ಬ್ಲಾಕಿಗೊಂದರಂತೆ ಕೇಂದ್ರಗಳು ತಲೆಯೆತ್ತಿದವು. 1956ರಲ್ಲಿ ವಿಜಯಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದದ್ದರಿಂದ, ಬಾದಾಮಿ–ಹುನಗುಂದದ ಹುಡುಗರು ಮುಂಬಯಿ, ಪುಣೆಗಳಿಗೆ ಹೋಗದೆಯೇ ಡಾಕ್ಟರಾಗುವ ಅವಕಾಶ ತೆರೆಯಿತು. ಕೇಂದ್ರಗಳು ಬಂದವು, ಕಾಲೇಜುಗಳು ಬಂದವು; ಭೋರ್ ಸಮಿತಿ ಬಯಸಿದ ಸಾಮಾಜಿಕ ವೈದ್ಯ ಮಾತ್ರ ಪಠ್ಯಕ್ರಮದ ಅಂಚಿನಲ್ಲಿ ಉಳಿದ. 1977ರಲ್ಲಿ ಪ್ರತಿ ವೈದ್ಯಕೀಯ ಕಾಲೇಜಿಗೂ ಹಳ್ಳಿಗಾಡಿನ ಕೇಂದ್ರಗಳನ್ನು ಜೋಡಿಸುವ ಮರುಶಿಕ್ಷಣ ಯೋಜನೆಯೊಂದು ಬಂದರೂ ಅದು ಬಹಳ ಕಡೆ ಹಳ್ಳಿಗೆ ಹೋಗಿಬರುವ ವ್ಯಾನುಗಳ ಓಡಾಟಕ್ಕಿಂತ ಆಳಕ್ಕೆ ಇಳಿಯಲಿಲ್ಲ.

ಅಂಥ ವೈದ್ಯ ಏಕೆ ಬೇಕಾಗಿದ್ದನೆಂಬುದನ್ನು ನಾರುಹುಣ್ಣಿನ ಇತಿಹಾಸದಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳಲಾರದು. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ತಲೆಮಾರುಗಳಿಂದ ಜನರನ್ನು ಕಾಡಿದ ಈ ರೋಗದ ಹುಳು, ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜೀವಿಯ ಮೂಲಕ ಕುಡಿಯುವವರ ಹೊಟ್ಟೆ ಸೇರಿ, ಸುಮಾರು ಒಂದು ವರ್ಷದಲ್ಲಿ ಎರಡು–ಮೂರು ಅಡಿ ಉದ್ದ ಬೆಳೆದು, ಹೆಚ್ಚಾಗಿ ಕಾಲಿನ ಚರ್ಮವನ್ನು ಸೀಳಿಕೊಂಡು ಹೊರಬರುತ್ತದೆ. ಉರಿ ತಾಳಲಾರದ ರೋಗಿ ಬಾವಿಯ ಮೆಟ್ಟಿಲಿಳಿದು ಕಾಲನ್ನು ನೀರಿನಲ್ಲಿ ಅದ್ದಿದಾಗ ಹುಳು ಸಾವಿರಾರು ಮರಿಗಳನ್ನು ಅಲ್ಲೇ ಬಿಡುತ್ತದೆ. ಹೀಗೆ ಚಕ್ರ ಮತ್ತೆ ಉರುಳುತ್ತದೆ. ಈ ಹುಳುವನ್ನು ಕೊಲ್ಲುವ ಮಾತ್ರೆಯಾಗಲಿ, ತಡೆಯುವ ಲಸಿಕೆಯಾಗಲಿ ಇರಲಿಲ್ಲ. ಬಾವಿಯ ಮೆಟ್ಟಿಲುಗಳನ್ನು ಮುಚ್ಚಿಸಿ ಗಡಗಡಿ ಹಾಕಿಸುವುದು, ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳುವುದು, ಟೆಮಿಫಾಸ್ ಎಂಬ ಕೀಟನಾಶಕವನ್ನು ಅಳತೆಗೆ ತಕ್ಕಂತೆ ಬಾವಿಗೆ ಬೆರೆಸುವುದು, ಹುಳು ಹೊರಬಂದವರನ್ನು ಮನೆಮನೆಗೆ ಹುಡುಕಿ ನೀರಿಗಿಳಿಯದಂತೆ ನೋಡಿಕೊಳ್ಳುವುದು ಇಷ್ಟೇ ಉಪಾಯ. ಮೆಟ್ಟಿಲು ಬಾವಿ ಊರವರ ದೈನಂದಿನ ಬದುಕಿನ, ಕೆಲವೆಡೆ ದೇವರ ಕಾರ್ಯದ ಭಾಗವಾಗಿದ್ದುದರಿಂದ, ಅದನ್ನು ಮುಚ್ಚಬೇಕೆಂದು ಗೌಡರನ್ನೂ ಪೂಜಾರಿಗಳನ್ನೂ ನೀರಿಗೆ ಬರುವ ಹೆಂಗಸರನ್ನೂ ಒಪ್ಪಿಸುವ ವೈದ್ಯಾಧಿಕಾರಿಗೆ ಸ್ಟೆತಾಸ್ಕೋಪು ಯಾವ ಸಹಾಯವನ್ನೂ ಮಾಡುವಂತಿರಲಿಲ್ಲ. 1983–84ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷಗಳಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಹಳ್ಳಿ ಹಳ್ಳಿಯಲ್ಲಿ ಕೊರೆಸಿದ ಕೊಳವೆ ಬಾವಿಗಳು ಮೆಟ್ಟಿಲು ಬಾವಿಯ ಅವಲಂಬನೆಯನ್ನು ತಗ್ಗಿಸಿದವು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ಕಂಡು, 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾಯಿತು. ಮಾತ್ರೆ, ಲಸಿಕೆಗಳಿಲ್ಲದೆ, ಬಹುಮಟ್ಟಿಗೆ ಮುಂದಾಳುತನದಿಂದ ಒಂದು ರೋಗವನ್ನು ಬೇರುಸಹಿತ ಕಿತ್ತ ಈ ಸಾಧನೆ ಹಳ್ಳಿಯ ವೈದ್ಯರ ಮತ್ತು ಆರೋಗ್ಯ ಸಹಾಯಕರ ಪಾಲಿನ ಅತಿ ದೊಡ್ಡ ಗೌರವ.

ನಜೀರ್ ಸಾಬರ ಇನ್ನೊಂದು ಕೊಡುಗೆ ವೈದ್ಯರ ಕೆಲಸದ ಸ್ವರೂಪವನ್ನೇ ಬದಲಿಸಿತು. 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಅಸ್ತಿತ್ವಕ್ಕೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರಗಳು ಅವುಗಳ ಆಡಳಿತಕ್ಕೆ ಒಳಪಟ್ಟಾಗ, ಅದುವರೆಗೆ ಇಲಾಖೆಯ ಮೇಲಧಿಕಾರಿಗೆ ಮಾತ್ರ ಉತ್ತರ ಹೇಳುತ್ತಿದ್ದ ಡಾಕ್ಟರ್ ಸಾಹೇಬರು ಚುನಾಯಿತ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಒಪ್ಪಿಸಬೇಕಾಯಿತು. ಅನೇಕ ವೈದ್ಯರಿಗೆ ಇದು ಅವಮಾನವೆನಿಸಿತು. ಪ್ರಜಾಪ್ರಭುತ್ವದಲ್ಲಿ ಇದು ಅನಿವಾರ್ಯವೂ ನ್ಯಾಯವೂ ಆಗಿತ್ತು. ಅಂಥ ಸಭೆಯನ್ನು ಶತ್ರುಪಾಳೆಯವೆಂದು ಕಾಣದೆ ತನ್ನ ಕೇಂದ್ರಕ್ಕೆ ಬೇಕಾದ್ದನ್ನು ಪಡೆಯುವ ವೇದಿಕೆಯಾಗಿ ಬಳಸುವ ಕಲೆಯನ್ನು ಯಾವ ಮೆಡಿಕಲ್ ಕಾಲೇಜೂ ಕಲಿಸಿರಲಿಲ್ಲ.

ತರಬೇತಿಯೂ ಬಡ್ತಿಯೂ

1997ರ ಆಗಸ್ಟ್‌ನಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದಾಗ ಜಿಲ್ಲಾ ಆರೋಗ್ಯ ಕಚೇರಿಯೂ ಹೊಸದಾಗಿ ಕಣ್ಣು ಬಿಟ್ಟಿತು. ಆ ವೇಳೆಗೆ ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ 1996ರಿಂದ ನಡೆಯುತ್ತಿದ್ದು, ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಕಟ್ಟಡ, ಸಲಕರಣೆಗಳ ಜೊತೆ ಆಸ್ಪತ್ರೆ ನಿರ್ವಹಣೆಯ ತರಬೇತಿಯೂ ಅದರ ಭಾಗವಾಗಿತ್ತು. ಬೆಂಗಳೂರಿನ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ ಮತ್ತು ಹುಬ್ಬಳ್ಳಿಯಂತಹ ಊರುಗಳ ವಿಭಾಗೀಯ ತರಬೇತಿ ಕೇಂದ್ರಗಳು ವೈದ್ಯಾಧಿಕಾರಿಗಳಿಗೆ ಅಲ್ಪಾವಧಿ ಶಿಬಿರಗಳನ್ನು ನಡೆಸುತ್ತ ಬಂದವು. ಆದರೆ 1999ರ ಡಿಸೆಂಬರ್‌ನಲ್ಲಿ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾಗಿ 2001ರಲ್ಲಿ ಅಂತಿಮ ವರದಿ ಕೊಟ್ಟ ಆರೋಗ್ಯ ಕಾರ್ಯಪಡೆ, ಸಮಸ್ಯೆಯ ಬೇರು ಶಿಬಿರಗಳ ಕೊರತೆಯಲ್ಲಿಲ್ಲ, ವೃತ್ತಿಜೀವನದ ರಚನೆಯಲ್ಲಿದೆ ಎಂಬುದನ್ನು ಎತ್ತಿ ತೋರಿಸಿತು. ಸೇವಾ ಹಿರಿತನವೊಂದೇ ಬಡ್ತಿಯ ಅಳತೆಗೋಲಾದಾಗ, ಶಸ್ತ್ರಚಿಕಿತ್ಸೆಯಲ್ಲೋ ಅರಿವಳಿಕೆಯಲ್ಲೋ ಕೈ ಪಳಗಿದ ತಜ್ಞರು ನಿವೃತ್ತಿಯ ಅಂಚಿನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯ ಕುರ್ಚಿಗೆ ಬಂದು, ಸಾರ್ವಜನಿಕ ಆರೋಗ್ಯದ ಮೊದಲ ಪಾಠವನ್ನು ಅಲ್ಲೇ ಕಲಿಯಬೇಕಾಗುತ್ತದೆ. ಇದರಿಂದ ಆಸ್ಪತ್ರೆ ಒಬ್ಬ ಒಳ್ಳೆಯ ತಜ್ಞನನ್ನು ಕಳೆದುಕೊಳ್ಳುತ್ತದೆ, ಜಿಲ್ಲೆಗೆ ಒಬ್ಬ ಸಿದ್ಧ ಆಡಳಿತಗಾರನೂ ದೊರೆಯುವುದಿಲ್ಲ. ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಶ್ರೇಣಿ, ಅಂದರೆ ಆರಂಭದಿಂದ ಕೊನೆಯವರೆಗೆ ಬೇರೆಯದೇ ಬಡ್ತಿಯ ಏಣಿ ಇರಬೇಕೆಂದು ಕಾರ್ಯಪಡೆ ಹೇಳಿದ್ದು ಈ ಹಿನ್ನೆಲೆಯಲ್ಲಿ. ನೆರೆಯ ಮದರಾಸು ಪ್ರಾಂತದಲ್ಲಿ 1920ರ ದಶಕದಿಂದಲೇ ಬೆಳೆದು ಬಂದ ಪ್ರತ್ಯೇಕ ಸಾರ್ವಜನಿಕ ಆರೋಗ್ಯ ನಿರ್ದೇಶನಾಲಯ ಇಂದಿಗೂ ತಮಿಳುನಾಡಿನಲ್ಲಿ ಉಳಿದಿದೆ. ಕರ್ನಾಟಕದಲ್ಲಾದರೋ 1960ರ ದಶಕದಲ್ಲಿ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ ಇಲಾಖೆಗಳು ಒಂದಾದ ಮೇಲೆ, ಮಂಡ್ಯದ ಘಟಕ ಬಿತ್ತಿದ ಪರಂಪರೆ ತೆಳುವಾಗುತ್ತ ಹೋಯಿತು. ಪ್ರತ್ಯೇಕ ಶ್ರೇಣಿಯ ಆಲೋಚನೆಯನ್ನು 2017ರ ರಾಷ್ಟ್ರೀಯ ಆರೋಗ್ಯ ನೀತಿ ಎತ್ತಿ ಹಿಡಿಯಿತು. 2022ರಲ್ಲಿ ಕೇಂದ್ರ ಸರಕಾರ ಅದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿತು.

ತರಬೇತಿ ನಿಜವಾಗಿ ಏನು ಮಾಡುತ್ತದೆಂಬುದನ್ನು ಕರ್ನಾಟಕದಲ್ಲಿ ಸೂಕ್ಷ್ಮವಾಗಿ ಪರಿಶೀಲಿಸಿದ್ದು ತುಮಕೂರು ಜಿಲ್ಲೆಯಲ್ಲಿ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ಕರುಣಾ ಟ್ರಸ್ಟ್ ಮೊದಲಾದ ಸಂಸ್ಥೆಗಳೂ ಸೇರಿ 2009ರಿಂದ ಅಲ್ಲಿಯ ಜಿಲ್ಲಾ ಮತ್ತು ತಾಲೂಕು ಆರೋಗ್ಯಾಧಿಕಾರಿಗಳಿಗೆ ಯೋಜನೆ, ಹಣಕಾಸು, ಮಾಹಿತಿ ಬಳಕೆ, ಸಿಬ್ಬಂದಿ ನಿರ್ವಹಣೆಗಳ ಪಾಠವನ್ನೂ, ಅವರ ಕೆಲಸದ ಸ್ಥಳಕ್ಕೇ ಹೋಗಿ ಮಾರ್ಗದರ್ಶನವನ್ನೂ ನೀಡಿದವು. ತರಬೇತಿ ಫಲಿಸಿತೋ ಇಲ್ಲವೋ ಎಂದಷ್ಟೇ ಕೇಳದೆ, ಯಾರಿಗೆ, ಯಾವ ಸಂದರ್ಭದಲ್ಲಿ, ಏಕೆ ಫಲಿಸಿತು ಎಂದು ಕೇಳುವ ವಿಧಾನದಿಂದ ಅದರ ಮೌಲ್ಯಮಾಪನ ನಡೆದು 2014ರಲ್ಲಿ ಪ್ರಕಟವಾಯಿತು. ಒಂದೇ ಕೋಣೆಯಲ್ಲಿ ಒಂದೇ ಪಾಠ ಕೇಳಿದ ಅಧಿಕಾರಿಗಳ ತಾಲೂಕುಗಳಲ್ಲಿ ಫಲ ಒಂದೇ ತೆರನಾಗಿರಲಿಲ್ಲ. ಬದಲಾವಣೆ ತರಬೇಕೆಂಬ ಹಂಬಲ ಮೊದಲೇ ಇದ್ದವರು, ತಮ್ಮ ಕೈಯಲ್ಲಿ ನಿರ್ಧಾರಕ್ಕೆ ಅವಕಾಶವಿದ್ದವರು, ಮೇಲಿನವರ ಬೆಂಬಲ ಪಡೆದವರು ಕಲಿತದ್ದನ್ನು ಕಾರ್ಯಕ್ಕಿಳಿಸಿದರು; ಉಳಿದವರಿಗೆ ಪಾಠ ಪಾಠವಾಗಿಯೇ ಉಳಿಯಿತು. ಹೊರದೇಶಗಳ ಅನುಭವವೂ ಇದಕ್ಕೆ ದೂರವಿಲ್ಲ. ವೈದ್ಯರ ನಾಯಕತ್ವ ತರಬೇತಿಗೆ ಸಂಬಂಧಿಸಿದ 45 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ, ಬಹುಪಾಲು ಅಧ್ಯಯನಗಳು ತರಬೇತಿ ಪಡೆದವರ ಸ್ವಂತ ಅಭಿಪ್ರಾಯವನ್ನೇ ನೆಚ್ಚಿಕೊಂಡಿದ್ದವೆಂದೂ, ರೋಗಿಗೋ ಆಸ್ಪತ್ರೆಗೋ ಆದ ಲಾಭವನ್ನು ಅಳೆದವು ಕೆಲವೇ ಎಂದೂ ತಿಳಿದುಬಂದಿತು. ಅಮೆರಿಕದ ಮುಂಚೂಣಿಯ ಆಸ್ಪತ್ರೆಗಳ ಕುರಿತ 2011ರ ಅಧ್ಯಯನವೊಂದು ವೈದ್ಯರೇ ಮುಖ್ಯಸ್ಥರಾಗಿರುವ ಆಸ್ಪತ್ರೆಗಳ ಗುಣಮಟ್ಟದ ಅಂಕ ಹೆಚ್ಚೆಂದು ತೋರಿಸಿದ್ದರೂ, ಅದು ಎರಡರ ನಡುವಿನ ನಂಟನ್ನು ತೋರಿಸುತ್ತದೆಯೇ ಹೊರತು ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿಸುವುದಿಲ್ಲ.

ಇಂದಿನ ಹೊಣೆ

2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹಳ್ಳಿಯ ವೈದ್ಯಾಧಿಕಾರಿಯ ಕೆಲಸ ಇನ್ನಷ್ಟು ಹರಡಿಕೊಂಡಿತು. ಸಂಬಳದ ಬಿಲ್ಲಿಗೆ ಸಹಿ ಹಾಕುವ ಅಧಿಕಾರ ಮತ್ತು ಹೊಣೆ, ನಗದು ಪುಸ್ತಕ, ಔಷಧಿಯ ದಾಸ್ತಾನು ವಹಿ ಮತ್ತು ಇಂಡೆಂಟು, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನ, ಆರೋಗ್ಯ ರಕ್ಷಾ ಸಮಿತಿಯ ಸಭೆ, ಲಸಿಕೆಯ ಶೀತಲ ಸರಪಳಿ, ತಿಂಗಳ ಪ್ರಗತಿ ಪರಿಶೀಲನೆ, ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡವರ ಮರಣೋತ್ತರ ಪರೀಕ್ಷೆ ಮತ್ತು ಕೋರ್ಟಿನ ಸಾಕ್ಷಿ ಇವೆಲ್ಲ ಒಬ್ಬರದೇ ಮೇಜಿನ ಮೇಲೆ ಬಂದು ಕೂಡುತ್ತವೆ. 2009ರ ಅಕ್ಟೋಬರ್‌ನಲ್ಲೂ 2019ರ ಆಗಸ್ಟ್‌ನಲ್ಲೂ ಮಲಪ್ರಭೆ ಉಕ್ಕಿ ಬಾದಾಮಿ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿದಾಗ ಪರಿಹಾರ ಕೇಂದ್ರಗಳ ಆರೋಗ್ಯ ರಕ್ಷಣೆ ಇದೇ ವೈದ್ಯರ ಪಾಲಿಗೆ ಬಂದಿತು. 2020ರಲ್ಲಿ ಕೊರೊನಾ ಬಂದಾಗ ಬಾಗಲಕೋಟೆ ರಾಜ್ಯದಲ್ಲಿ ಆರಂಭದಲ್ಲೇ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಒಂದು; ಓಣಿಗಳನ್ನು ಮುಚ್ಚಿಸುವುದು, ಸಂಪರ್ಕಿತರನ್ನು ಹುಡುಕುವುದು, ಹೆದರಿದ ಜನರಿಗೆ ಧೈರ್ಯ ಹೇಳುವುದು, ಹೆದರಿದ ಸಿಬ್ಬಂದಿಯನ್ನು ಕೆಲಸಕ್ಕೆ ನಿಲ್ಲಿಸುವುದು ಇವು ತಾಲೂಕು ಆರೋಗ್ಯಾಧಿಕಾರಿಗಳ ಮುಂದಿದ್ದ ನಿತ್ಯದ ಸವಾಲುಗಳಾದವು. 1898ರ ಹುಬ್ಬಳ್ಳಿಯ ಪಾಠ ಇಲ್ಲಿಯೂ ಅಕ್ಷರಶಃ ಸತ್ಯವಾಗಿತ್ತು.

ಕಲಿಸುವ ಪ್ರಯತ್ನ ಈಗ ಬೇರೊಂದು ತುದಿಯಿಂದಲೂ ಆರಂಭವಾಗಿದೆ. 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 2002ರಲ್ಲಿ ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಈ ಸೀಮೆಯಲ್ಲೇ ವೈದ್ಯರು ತಯಾರಾಗುತ್ತಿದ್ದಾರೆ. 2019ರಿಂದ ದೇಶದಾದ್ಯಂತ ಜಾರಿಗೆ ಬಂದ ಹೊಸ ಪಠ್ಯಕ್ರಮ ಭಾರತೀಯ ವೈದ್ಯ ಪದವೀಧರನಿಗೆ ಐದು ಪಾತ್ರಗಳನ್ನು ಗೊತ್ತುಮಾಡಿದೆ: ಚಿಕಿತ್ಸಕ, ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ, ಸಂವಹನಕಾರ, ಜೀವನಪರ್ಯಂತ ಕಲಿಯುವವ ಮತ್ತು ವೃತ್ತಿನಿಷ್ಠ. ನಾಯಕ ಮತ್ತು ಸದಸ್ಯ ಎಂಬ ಎರಡು ಗುಣಗಳನ್ನು ಒಂದೇ ಪಾತ್ರದಲ್ಲಿ ಕೂಡಿಸಿರುವುದು ಅರ್ಥಪೂರ್ಣವಾಗಿದೆ. ತಂಡದ ಮಾತು ಕೇಳಲಾರದವನು ತಂಡವನ್ನು ನಡೆಸಲಾರ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ 2020ರಲ್ಲಿ ಬಂದದ್ದರಿಂದ, ಮುಂದೆ ಖಾಸಗಿ ಆಸ್ಪತ್ರೆಗೆ ಹೋಗುವ ತಜ್ಞರಿಗೂ ಸರಕಾರಿ ವ್ಯವಸ್ಥೆಯ ಪರಿಚಯವಾಗುವಂತಾಯಿತು.

ಕಲಾದಗಿಯ ಕಾಲದಿಂದ ಇಂದಿನವರೆಗಿನ ಈ ಇತಿಹಾಸವನ್ನು ಒಟ್ಟಾಗಿ ನೋಡಿದಾಗ, ತರಬೇತಿ ಎಂದೂ ತಾನೊಂದೇ ವೈದ್ಯನನ್ನು ಮುಂದಾಳುವನ್ನಾಗಿ ಮಾಡಿಲ್ಲ ಎಂಬುದು ನಿಚ್ಚಳವಾಗುತ್ತದೆ. ನೆಟ್ಲಿಯ ಪಾಠದ ಹಿಂದೆ ಸೇವೆಯ ಅಧಿಕಾರವಿತ್ತು, ಪಲ್ಪು ಅವರ ವಿದೇಶಿ ಶಿಕ್ಷಣದ ಮುಂದೆ ಆರೋಗ್ಯಾಧಿಕಾರಿಯ ಹುದ್ದೆಯಿತ್ತು, ಮಂಡ್ಯದ ಘಟಕದಲ್ಲಿ ಕಲಿಕೆಗೆ ಜೊತೆಯಾಗಿ ಕ್ಷೇತ್ರವಿತ್ತು. ತುಮಕೂರಿನಲ್ಲಿ ಅವಕಾಶವಿದ್ದ ಕಡೆ ಮಾತ್ರ ಪಾಠ ಬೇರು ಬಿಟ್ಟಿತು. ಆದ್ದರಿಂದ ಕುಳಗೇರಿ ಕ್ರಾಸ್‌ನಂತಹ ಊರುಗಳ ಸುತ್ತಲಿನ ಹಳ್ಳಿಗಳಿಗೆ ಸಮರ್ಥ ವೈದ್ಯಾಧಿಕಾರಿಗಳು ಬೇಕೆಂದರೆ, ಅಧಿಕಾರ ವಹಿಸಿಕೊಳ್ಳುವ ಮುನ್ನವೇ ಕೆಲವು ತಿಂಗಳು ಅನುಭವಿ ಅಧಿಕಾರಿಯ ಕೈಕೆಳಗೆ ಕೆಲಸ ಕಲಿಸಬೇಕು. ಕಲಿತದ್ದು ಫಲ ಕೊಡುವಷ್ಟು ವರ್ಷ ಅವರನ್ನು ಒಂದೇ ಕಡೆ ಉಳಿಸಬೇಕು. ಚಿಕಿತ್ಸೆಯನ್ನು ಆಯ್ದುಕೊಂಡವರಿಗೆ ಸಿಗುವಷ್ಟೇ ಮಾನ, ಸಂಬಳ ಮತ್ತು ಬಡ್ತಿ ಜನಾರೋಗ್ಯವನ್ನು ಆಯ್ದುಕೊಂಡವರಿಗೂ ಸಿಗುವಂತಾಗಬೇಕು. ಈ ಮೂರೂ ಸೇರದ ಹೊರತು ತರಬೇತಿಯ ಪ್ರಮಾಣಪತ್ರ ವೈದ್ಯರ ಸೇವಾ ಪುಸ್ತಕದ ಒಂದು ನಮೂದಾಗಿ ಉಳಿಯುತ್ತದೆ. ಸೇರಿದರೆ ಅದೇ ತರಬೇತಿ, 30,000 ಜನರ ಹೊಣೆ ಹೊತ್ತ ತರುಣ ವೈದ್ಯರಿಗೆ ಆ ಹೊಣೆಯನ್ನು ಹೊರುವ ಬಲವನ್ನು ಕೊಡುತ್ತದೆ.